ಅಪ್ಪನ ದನಿ ಸಿಕ್ಕ ಟೇಪು

ಕಾಲೇಜ್ ಪಾರ್ಕ್, ಮೇರಿಲ್ಯಾಂಡ್
೧೪ ನವೆಂಬರ್ ೧೯೯೮, ಶನಿವಾರ

ಪ್ರೀತಿಯ ಓನಿ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ವಿನಿಪೆಗ್‌ನಲ್ಲಿ ಆಗಲೇ ಮೂಗು ಮರಗಟ್ಟುವ ಚಳಿಯಂತೆ. ನಮ್ಮ ಮನೆತನದ ಚಪ್ಪಟೆ ಮೂಗಿನಲ್ಲಿ ಮರಗಟ್ಟುವುದಕ್ಕೆ ಹೆಚ್ಚೇನೂ ಇಲ್ಲ ಎಂಬ ಧೈರ್ಯದಲ್ಲಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಮಂದವಾಗಿದೆ, ಬಾಯಿ ಆಗಿಲ್ಲ. ಅಪ್ಪ ಹೋಗಿ ಎಂಟು ತಿಂಗಳಾದರೂ ಭಾನುವಾರದ ಹುಳಿ ಮೀನುಸಾರು ನಾಲ್ಕು ಜನಕ್ಕೇ ಆಗುತ್ತದೆ. "ಇಬ್ಬರಿಗೆ ಇಷ್ಟ್ಯಾಕಮ್ಮಾ?" ಅಂದರೆ "ಉಳಿದ್ರೆ ನೀನೇ ತಿನ್ನು. ಗಂಡ ಇಲ್ಲ, ಮಕ್ಕಳಿಲ್ಲ, ನಿಂಗೆ ಬೇರೇನಿದೆ ಕೆಲ್ಸ?" ಎನ್ನುತ್ತಾಳೆ.

ಕೆಲಸವೇನೋ ಇದೆ. ಸರ್ಕಾರದ ದಾಖಲೆ ಕಚೇರಿಯಲ್ಲಿ ಕೂತು, ಇಪ್ಪತ್ತೇಳು ವರ್ಷದ ಹಿಂದೆ ದೇಶದ ಅಧ್ಯಕ್ಷರ ಕೋಣೆಯಲ್ಲಿ ಬಚ್ಚಿಟ್ಟಿದ್ದ ಮೈಕುಗಳು ಹಿಡಿದದ್ದನ್ನೆಲ್ಲ ಕೇಳಿ ಬರೆಯುವುದು. ಬೇರೆಯವರು ಕಿವಿ ಕೊಡುತ್ತಾರೆ, ನಾನು ತಿಂಗಳ ಸಂಬಳಕ್ಕೆ ಮಾರಿಕೊಂಡಿದ್ದೇನೆ. ಒಂದು ನಿಮಿಷದ ಮಾತಿಗೆ ಒಂದು ಬೆಳಗ್ಗೆ ಹಿಡಿಯುತ್ತದೆ. ಯುದ್ಧ, ಸುಳ್ಳು, ಆ ಸುಳ್ಳಿಗೆ ಹೊದಿಸಲು ಇನ್ನೊಂದು ಸುಳ್ಳು, ನಡುವೆ ಊಟಕ್ಕೇನು ಎಂಬ ಗಂಭೀರ ಚರ್ಚೆ. "ಪೆತಾ, ಬೈಗುಳ ಎಲ್ಲಾ ತೆಗೆದ್ಬಿಟ್ರೆ ಉಳಿಯೋದು ಕೆಮ್ಮು ಒಂದೇ ಕಣೇ" ಎಂದು ಪಕ್ಕದ ಮೇಜಿನ ಡೆಲ್ಬರ್ಟ್ ನಗುತ್ತಾನೆ. ಯಾರದಾದರೂ ಮನೆಯ ಖಾಸಗಿ ಮಾತು ಬಂದರೆ ನಾವು ಗುರುತು ಹಾಕುತ್ತೇವೆ. ಆ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದದ್ದು ಊರಿಗೆಲ್ಲ.

ಕಳೆದ ತಿಂಗಳು ನನ್ನ ಪಾಲಿಗೆ ಬಂದದ್ದು ೧೯೭೧ರ ಡಿಸೆಂಬರಿನ ಟೇಪು. ನೀನು ಕೆನಡಾಕ್ಕೆ ಗಡಿ ದಾಟಿ ಆಗ ಏಳು ವಾರ. ಅಪ್ಪ ನೌಕಾಪಡೆಯ ಬಿಳಿ ಕೋಟು ತೊಟ್ಟು ಅದೇ ಕೋಣೆಗೆ ಕಾಫಿ ಒಯ್ಯುತ್ತಿದ್ದ ಕಾಲ. ಆಳುವವರ ಮನೆಯ ಆಳು ಎಂದು ನೀನೇ ಚುಚ್ಚುತ್ತಿದ್ದೆಯಲ್ಲ. ಯುದ್ಧಕ್ಕೆ ಕಡ್ಡಾಯವಾಗಿ ಸೈನ್ಯ ಸೇರಬೇಕೆಂದು ಕರೆ ಬಂದ ದಿನ ನೀನು ಕಿರುಚಿದ್ದು ನನಗಿನ್ನೂ ನೆನಪಿದೆ: "ನೀವು ಕಾಫಿ ಕೊಡ್ತೀರಲ್ಲ, ಅವ್ರೇ ನನ್ನ ಸಾಯೋಕೆ ಕಳಿಸ್ತಿರೋದು!" ಅಪ್ಪ ಅಂದದ್ದು ಇಷ್ಟೇ: "ಬಾಗ್ಲು ಮೆಲ್ಲಗೆ ಹಾಕ್ಕೊಂಡು ಹೋಗು." ಆಮೇಲೆ ನಿಮ್ಮಿಬ್ಬರಿಗೂ ಮಾತಿಲ್ಲ. ಓಡಿಹೋದವರನ್ನೆಲ್ಲ ಸರ್ಕಾರ ಕ್ಷಮಿಸಿದ ಮೇಲೂ ಅವರು ಕರೆಯಲಿಲ್ಲ, ನೀನು ಬರಲಿಲ್ಲ. ಮಣ್ಣಿಗೂ ಬರಲಿಲ್ಲ.

ಟೇಪಿನಲ್ಲಿ ಅಧ್ಯಕ್ಷರು ಪಕ್ಕದ ಕೋಣೆಗೆ ಎದ್ದುಹೋಗಿದ್ದಾರೆ. ಸಲಹೆಗಾರರಿಬ್ಬರು ಕೆನಡಾಕ್ಕೆ ಓಡಿದ ಹುಡುಗರ ಮಾತೆತ್ತಿದ್ದಾರೆ. "ಈ ಹೇಡಿಗಳಿಗೆ ಅಪ್ಪಂದಿರಿಲ್ವೇನ್ರೀ? ನಾನಾಗಿದ್ರೆ ಕಾಲು ಮುರಿದು ಮನೇಲಿ ಕೂರಿಸ್ತಿದ್ದೆ" ಎಂದು ಒಬ್ಬನ ಅಬ್ಬರ. ಆಮೇಲೆ ಅವನೇ ನಗುತ್ತ, "ಏನಪ್ಪಾ, ನಿಂಗೆ ಗಂಡುಮಕ್ಕಳಿದಾರಾ?" ಅಂದ. ಅದು ಯಾರಿಗೆ ಎಂದು ನಾನು ಯೋಚಿಸುತ್ತಿರುವಾಗಲೇ ಕಿವಿಯೊಳಗೆ ಅಪ್ಪ ಮಾತಾಡಿದರು.

"ಇಲ್ಲ ಸಾರ್. ಒಬ್ಳು ಮಗಳು, ಅಷ್ಟೇ."

ಹೆಡ್‌ಫೋನು ತೆಗೆದಿಟ್ಟೆ. 'ಖಾಸಗಿ' ಎಂದು ಒಂದು ಗುರುತು ಹಾಕಿದ್ದರೆ ಮುಗಿಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ನೀನಂತೂ ಕೇಳುತ್ತಲೇ ಇರಲಿಲ್ಲ. ಪೆನ್ಸಿಲ್ ಹಿಡಿದು ಊಟದ ಹೊತ್ತಿನವರೆಗೆ ಕೂತಿದ್ದೆ. ಕೊನೆಗೆ ಎದ್ದುಹೋಗಿ, ಇದು ನಮ್ಮಪ್ಪ ಎಂದು ಮೇಲಿನವರಿಗೆ ಹೇಳಿಬಿಟ್ಟೆ. ಸ್ವಂತದವರ ಟೇಪು ನಾವು ಮುಟ್ಟಬಾರದೆಂಬ ನಿಯಮದಂತೆ ಅದು ಡೆಲ್ಬರ್ಟ್ ಕೈಗೆ ಹೋಯಿತು. ಅವನು ಕತ್ತರಿಸಲು ಹೇಳಲಿಲ್ಲ. ಜನವರಿ ಐದರಿಂದ ಯಾರು ಬೇಕಾದರೂ ಬಂದು ಕೇಳಬಹುದು. ಇಂಥವನ್ನೆಲ್ಲ ಹುಡುಕಿ ತರಿಸಿ ಕೇಳುವ ಚಟ ನಿನಗಿದೆಯಲ್ಲ, ಅದಕ್ಕೇ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನಿಜ ಹೇಳಿದ್ದರೆ ಅಪ್ಪನ ಕೆಲಸ ಅವತ್ತೇ ಹೋಗುತ್ತಿತ್ತು. ಹಾಗಂತ ಅವರ ಪರ ವಕಾಲತ್ತು ವಹಿಸಲಾರೆ. ನನಗೂ ಸಿಟ್ಟು ಬಂತು. ನಿನ್ನ ಸೈಕಲ್ಲಿನ ಆಸೆಗೆ, ಮನೆಗೆ ನಾನೊಬ್ಬಳೇ ಮಗುವಾಗಿದ್ದರೆ ಎಂದು ಚಿಕ್ಕಂದಿನಲ್ಲಿ ಎಷ್ಟು ಸಲ ಪ್ರಾರ್ಥಿಸಿದ್ದೆನೋ. ಅದು ಹೀಗೆ ಈಡೇರಬಾರದಿತ್ತು.

ಅಮ್ಮನಿಗೆ ಇನ್ನೂ ಹೇಳಿಲ್ಲ. "ಅವನ ತಲೆ ಮೇಲೆ ಕೈ ಇಟ್ಟು ಹರಸಿದೀನಿ ಅಂತ ಬರಿ" ಅಂದಳು. ಆ ಕೈ ವಿನಿಪೆಗ್‌ವರೆಗೆ ಎಟುಕುವುದಿಲ್ಲ, ನೀನೇ ಸ್ವಲ್ಪ ಬಗ್ಗಿಕೋ.

ನಿನ್ನ ತಂಗಿ,
ಪೆರ್ಪೆತುವಾ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಅಧ್ಯಕ್ಷರ ಕೋಣೆಯ ಆ ಟೇಪು ಯಂತ್ರ ಸದ್ದಿದ್ದರೆ ಮಾತ್ರ ಓಡುತ್ತಿತ್ತು. ಕೋಣೆ ಸುಮ್ಮನಾದರೆ ತಾನೂ ನಿಲ್ಲುತ್ತಿತ್ತು. ಆದರೆ ಆ ಪ್ರಶ್ನೆಗೂ ಅಪ್ಪನ 'ಇಲ್ಲ'ಕ್ಕೂ ನಡುವೆ ಒಂಬತ್ತು ಸೆಕೆಂಡು ಇದೆ. ಎಣಿಸಿ ನೋಡು, ಎಷ್ಟು ಉದ್ದ. ಯಾರೂ ಮಾತಾಡಿಲ್ಲ, ಯಂತ್ರವೂ ನಿಂತಿಲ್ಲ. ಡೆಲ್ಬರ್ಟ್ ಅಲ್ಲಿ 'ಕಪ್ಪು, ಬಸಿಗಳ ಸದ್ದು' ಎಂದು ಬರೆದಿದ್ದಾನೆ. ಟ್ರೇ ಅಪ್ಪನ ಕೈಯಲ್ಲಿತ್ತು ಅಣ್ಣಾ, ಒಂಬತ್ತು ಸೆಕೆಂಡೂ ಗಡಗಡ ಎಂದಿದೆ. ಜನವರಿ ಐದಕ್ಕೆ ಬಾ. ಕೇಳುವ ಕೋಣೆಯಲ್ಲಿ ಎರಡು ಕುರ್ಚಿ ಹೇಳಿಟ್ಟಿದ್ದೇನೆ.