ಕೆಂಪು ಗೆರೆ ಹೋಗಿದೆ, ನೋಡ್ಕೊಳ್ಳಿ

ರೀ,

ನೀವು ಏಳೋ ಹೊತ್ತಿಗೆ ನಾನು ಆಫೀಸಲ್ಲಿರ್ತೀನಿ. ನಿಮ್ಮ ಲ್ಯಾಪ್‌ಟಾಪ್ ಸರಿ ಮಾಡಿಟ್ಟಿದ್ದೀನಿ.

ಕೋಡಲ್ಲಿ ಏನೂ ತಪ್ಪಿರಲಿಲ್ಲ. ಕೋಡನ್ನ ಓಡೋ ಹಾಗೆ ಮಾಡೋ ಕಂಪೈಲರ್ ಅಪ್‌ಗ್ರೇಡ್ ಮಾಡಿದ್ರಿ, ಹಳೇದನ್ನ ಕಿತ್ತುಹಾಕಿದ್ರಿ, ನೀವು ಕೋಡ್ ಬರೆಯೋ ಎಡಿಟರ್‌ಗೆ ಮಾತ್ರ ಹೇಳೋದು ಮರೆತ್ರಿ. ಪಾಪ, ಅದು ಹಳೇ ಫೋಲ್ಡರಲ್ಲೇ ಹುಡುಕಿ ಹುಡುಕಿ ಪರದೆ ತುಂಬ ಕೆಂಪು ಗೆರೆ ಎಳೀತಿತ್ತು. ಸೆಟ್ಟಿಂಗ್ಸಲ್ಲಿ ಹೊಸ ಫೋಲ್ಡರಿನ ದಾರಿ ಬರೆದಿದ್ದೀನಿ. ಎಡಿಟರ್ ಒಂದ್ಸಲ ಮುಚ್ಚಿ ತೆಗೀರಿ. ಇನ್ನೇನೂ ಮುಟ್ಟಬೇಡಿ.

ಇಷ್ಟಕ್ಕೆ ನಿನ್ನೆ ಸಂಜೆಯೆಲ್ಲ ನಿಮ್ಮ ಆಫೀಸಿನ ಪಕ್ಕದ ಸೀಟಿನವಳ ಜೊತೆ ಫೋನು! ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ದಿನಾ ಇದೇ ಕೆಲಸ ಮಾಡೋ ಹೆಂಡತಿ ಪಕ್ಕದ ರೂಮಲ್ಲೇ ಇದ್ದಳಲ್ಲ? ಆ ಸೀಟಿನವಳು "ಎಲ್ಲಾ ಅಳಿಸಿ ಮತ್ತೆ ಹಾಕಿ ಸಾರ್" ಅಂದಿದ್ದಕ್ಕೆ ಅಷ್ಟೊಂದು ನಗೋದೇನಿತ್ತು? ಹೊಟ್ಟೆಕಿಚ್ಚು ಅಂದ್ಕೋಬೇಡಿ. ಅಂದ್ಕೊಂಡ್ರೆ ಅಂದ್ಕೊಳ್ಳಿ.

ಅದೂ ಹೋಗ್ಲಿ. ಹೊಸ ಕಂಪೈಲರ್ ಹಾಕಿದಾಗೆಲ್ಲ ನಾವಿಬ್ರೂ ಮೊದಲು ಓಡಿಸಿ ನೋಡೋ ಪುಟಾಣಿ ಪ್ರೋಗ್ರಾಮ್, ಪರದೆ ಮೇಲೆ "ಊಟ ಆಯ್ತಾ?" ಅಂತ ಕೇಳುತ್ತಲ್ಲ, ಮದುವೆಗೆ ಮುಂಚೆ ನಾನು ನಿಮಗೋಸ್ಕರ ಬರೆದದ್ದು. ಅದನ್ನೂ ಅವಳಿಗೆ ಕಳಿಸಿದ್ದೀರಿ, "ನಿಮ್ಮಲ್ಲಿ ಓಡುತ್ತಾ ನೋಡಿ" ಅಂತ.

ಅಲ್ಲಿ ಸಲೀಸಾಗಿ ಓಡಿರುತ್ತೆ ಬಿಡಿ. ಅವಳದ್ದು ಊಟಾನೂ ಆಗಿರುತ್ತೆ.

ನಂದು ನಿನ್ನೆ ರಾತ್ರೀದೇ ಇನ್ನೂ ಆಗಿಲ್ಲ.