ಕಣಜಕ್ಕೆ ಹಾಕಿದ ಬೀಗ

ಕ್ರ್ಯಾನ್‌ಬರಿ, ನ್ಯೂ ಜೆರ್ಸಿ
ಮಾರ್ಚ್ ೯, ೨೦೨೫, ಭಾನುವಾರ

ತಮ್ಮ ಭುಜಂಗನಿಗೆ ಅಕ್ಕ ನಳಿನಾಕ್ಷಿ ಬರೆಯುವುದು.

ಮೊದಲು "ಪ್ರೀತಿಯ" ಎಂದು ಬರೆದಿದ್ದೆ. ಆಮೇಲೆ ಸಿಟ್ಟು ಬಂದು ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ, ಅದೂ ನಿನಗೆ ಗೊತ್ತಿರಲಿ. ಆರೋಗ್ಯ ಹೇಗಿದೆ? ಕಾಲಿನ ಗಾಯ ಒಣಗಿತೋ ಇಲ್ಲವೋ? ಶುಗರಿನ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯಾ, ಅಥವಾ ಹಟಕ್ಕೆ ಅದನ್ನೂ ಬಿಟ್ಟು ಕೂತಿದ್ದೀಯಾ? ಕನಿಕರದಿಂದ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಬೈಯುವ ಮೊದಲು ಬೈಸಿಕೊಳ್ಳುವವನಿಗೆ ತಡೆದುಕೊಳ್ಳುವ ತ್ರಾಣ ಇದೆಯೇ ಎಂದು ನೋಡಿಕೊಳ್ಳಬೇಕಲ್ಲ, ಅದಕ್ಕೆ. ನಾವು ಇಲ್ಲಿ ಚೆನ್ನಾಗಿದ್ದೇವೆ. ಇವತ್ತು ಗಡಿಯಾರ ಒಂದು ಗಂಟೆ ಮುಂದೆ ಹೋಗಿದೆ, ನಿನ್ನ ಭಾವನಿಗೆ ಬೆಳಗಿನಿಂದ ತಲೆ ಬುಡ ತಿಳಿಯುತ್ತಿಲ್ಲ, ಮೈಕ್ರೊವೇವಿನ ಗಡಿಯಾರ ತಿದ್ದಲು ಹೋಗಿ ಅದನ್ನು ಪೂರ್ತಿ ಕೆಡಿಸಿ ಇಟ್ಟಿದ್ದಾರೆ. ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಜಾಣ. ಆದರೆ ಕಾಗದವನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಸುಮಾತ್ರದ ಆ ಹಳ್ಳಿಯಲ್ಲಿ ಕನ್ನಡ ಓದುವವನು ನೀನೊಬ್ಬನೇ ಆದ್ದರಿಂದ ಮನಸ್ಸು ಬಿಚ್ಚಿ ಬರೆಯುತ್ತೇನೆ. ನಿನ್ನ ಮಾನ ಅಷ್ಟರಮಟ್ಟಿಗೆ ಉಳಿಯಿತು.

ಮೊನ್ನೆ ಎಲ್ವಿ ಫೋನ್ ಮಾಡಿದ್ದಳು. ನಿನ್ನ ಹೆಂಡತಿ ರೋಸ್ಮಾನಿಯ ಅಕ್ಕನ ಮಗಳು, ನೀನು ಮಗಳಂತೆ ನೋಡಿಕೊಂಡೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಅದೇ ಎಲ್ವಿ. ಹುಡುಗಿ ಅಳಲಿಲ್ಲ, ದೂರು ಹೇಳಲಿಲ್ಲ. ಸಂಕೋಚದಿಂದಲೇ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ರೋಸ್ಮಾನಿ ತೀರಿಹೋಗಿ ನೂರು ದಿನ ತುಂಬಿದ ಮೇಲೆ ಅವರಲ್ಲಿ ದೊಡ್ಡ ಊಟ ಇರುತ್ತದಂತೆ, ಆ ದಿನ ನೀನು ಮುಂಬಾಗಿಲಿಗೆ ಹೊಸ ಬೀಗ ಹಾಕಿ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಪಾತ್ರೆ ಹೊತ್ತು ಬಂದ ಹೆಂಗಸರು ಬಾವಿಯ ಕಟ್ಟೆಯ ಹತ್ತಿರ ಒಲೆ ಹೂಡಿ ಅಡುಗೆ ಮಾಡಿದರು. ತಂಗಿಯ ಹೆಸರಿನ ಊಟವನ್ನು ಅಕ್ಕ ಅಂಗಳದಲ್ಲಿ ನಿಂತು ಬಡಿಸಿದಳು, ಅವಳದೇ ತಾಯಿಯ ಮನೆಯ ಅಂಗಳದಲ್ಲಿ. ಅಷ್ಟು ಸಾಲದೆ ಪಾಡಾಂಗ್ ಪೇಟೆಯ ವಕೀಲನನ್ನು ಹಿಡಿದು, ಮನೆಯನ್ನು ಹೊಸದಾಗಿ ಕಟ್ಟಿಸಿದವನು ನಾನು, ನನ್ನ ಪಾಲು ನನಗೆ ಬರಬೇಕು ಎಂದು ನೋಟೀಸು ಕಳಿಸಿದ್ದೀ. ಇಷ್ಟನ್ನು ಕೇಳಿಕೊಂಡೆ. ಆಮೇಲೆ ಅವಳು ಕಣಜದ ವಿಷಯ ಹೇಳಿದಳು ನೋಡು, ಆಗ ಮಾತ್ರ ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಸಿಂಕಿಗೆ ಎಸೆದೆ. ಲೋಟ ಒಡೆಯಲಿಲ್ಲ, ಅದೊಂದು ಬೇರೆ ಸಿಟ್ಟು.

ಆ ಕಣಜದ ಬಗ್ಗೆ ನನಗೆ ಹೇಳಿದವಳು ರೋಸ್ಮಾನಿಯೇ. ನಮ್ಮ ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಿಡಿಸುತ್ತ ಹೇಳಿದ್ದಳು. ಮನೆಯ ಮುಂದೆ ಎರಡು ಭತ್ತದ ಕಣಜ ಇರುತ್ತವೆ, ಒಂದು ಮನೆಯವರಿಗೆ, ಚಿಕ್ಕದು ಇಲ್ಲದವರಿಗೆ. ಗದ್ದೆ ಕೆಲಸ ಸಿಗದ ತಿಂಗಳಲ್ಲಿ ಅವರ ಕುಲದ ಯಾವ ಹೆಂಗಸಾದರೂ ಬಂದು ಬುಟ್ಟಿ ತುಂಬಿಕೊಂಡು ಹೋಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಅವಳು ಅದನ್ನು ಹೇಳುವಾಗ ನನಗೆ ಹೊಟ್ಟೆಕಿಚ್ಚಾಗಿತ್ತು, ನಿಜ ಹೇಳುತ್ತೇನೆ. ಆ ಚಿಕ್ಕ ಕಣಜಕ್ಕೆ ನೀನು ಬೀಗ ಜಡಿದಿದ್ದೀ! ಅದೂ ಇಲ್ಲಿ ಹೆದ್ದಾರಿಯ ಎಕ್ಸಿಟ್ ೮ಎ ವೇರ್‌ಹೌಸಿನಲ್ಲಿ ನೀನು ಟ್ರೇಲರುಗಳಿಗೆ ಹಾಕುತ್ತಿದ್ದ ಆ ಹಿತ್ತಾಳೆ ಬೀಗ. ಅಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿ ಕಂಡಕಂಡದ್ದಕ್ಕೆ ಬೀಗ ಹಾಕಿ ಅಭ್ಯಾಸವಾಗಿತ್ತು, ಒಪ್ಪಿದೆ. ಆದರೆ ಅದು ವೇರ್‌ಹೌಸು, ಮಾರಾಯ. ಇದು ಅನ್ನ. ಆ ಭತ್ತ ಬೆಳೆದ ಗದ್ದೆ ರೋಸ್ಮಾನಿಯ ಅಜ್ಜಿಯದು, ಅಜ್ಜಿಯ ಅಜ್ಜಿಯದು. ಅದರಲ್ಲಿ ನಿನ್ನದು ಎಂದರೆ ನೀನು ಸಂಜೆ ಹೊತ್ತು ಬದುವಿನ ಮೇಲೆ ವಾಕಿಂಗ್ ಮಾಡಿದ ಹೆಜ್ಜೆ ಗುರುತು, ಅಷ್ಟೇ.

ನೀನು ಹೀಗೆ ಮಾಡಿಯೂ ಅವರು ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಪೊಲೀಸರ ಹತ್ತಿರ ಹೋದಿರಾ, ಬೀಗ ಒಡೆದಿರಾ ಎಂದೆ. ಎಲ್ವಿಗೆ ನಾಚಿಕೆಯಾಯಿತು. ನಾವು ವೀಳ್ಯ ಕೊಟ್ಟು ಕೇಳಿ ತಂದ ಗಂಡು, ನಾವು ಹೊರಗೆ ಹಾಕುವ ಹಾಗಿಲ್ಲ, ಅವರ ಮನೆಯವರು ಬಂದು ಕರೆದುಕೊಂಡು ಹೋಗಬೇಕು, ಅಲ್ಲಿಯವರೆಗೆ ಅವರು ಅತಿಥಿ ಎಂದಳು. ಅತಿಥಿ! ಈಗ ಉಪವಾಸದ ತಿಂಗಳು, ಅವರಲ್ಲಿ ಹಗಲು ಯಾರೂ ಹನಿ ನೀರು ಕುಡಿಯುವುದಿಲ್ಲ, ಆದರೂ ನಿನಗೆ ಶುಗರ್ ಎಂದು ಮಧ್ಯಾಹ್ನ ಒಲೆ ಹಚ್ಚಿ ಅನ್ನ, ಮೀನು, ಸೊಪ್ಪಿನ ಸಾರು ಮಾಡಿ ತಟ್ಟೆ ಮುಚ್ಚಿ ನಿನ್ನ ಜಗಲಿಯ ಮೇಲೆ ಇಟ್ಟು ಹೋಗುತ್ತಾರಂತೆ. ಅವರ ಬಾಗಿಲಿಗೆ ನೀನು ಹಾಕಿದ ಬೀಗದ ಪಕ್ಕದಲ್ಲೇ ಕೂತು ಅವರ ಅನ್ನ ಉಣ್ಣುತ್ತೀಯಲ್ಲ, ಗಂಟಲಲ್ಲಿ ಹೇಗೆ ಇಳಿಯುತ್ತದೆ ನಿನಗೆ? ಮೀನಿನ ಮುಳ್ಳಾದರೂ ಸಿಕ್ಕಿಕೊಳ್ಳಬಾರದೇ?

ಈಗ ನನ್ನ ಸಿಟ್ಟಿನ ಬುಡಕ್ಕೆ ಬರುತ್ತೇನೆ. ನಮ್ಮಲ್ಲೂ ಅಳಿಯಸಂತಾನ ಇತ್ತಲ್ಲವೇನೋ? ಕುಂದಾಪುರದ ಕಡೆಯ ಬಂಟರ ಮನೆಯಲ್ಲಿ ಹುಟ್ಟಿದವನಿಗೆ ಹೆಣ್ಣುಮಕ್ಕಳ ಮನೆ ಎಂದರೇನು ಎಂದು ಸುಮಾತ್ರದವರು ಹೇಳಿಕೊಡಬೇಕೇ? "ಹ್ವಾಯ್, ಗಂಡ್ ಮಕ್ಳಿಗ್ ಈ ಮನಿ ಉಂಬುಕೆ ಮನಿಕಂಬುಕೆ, ಹೆಣ್ ಮಕ್ಳಿಗ್ ಬಾಳುಕೆ" ಎಂದು ಅಮ್ಮ ಹೇಳುತ್ತಿದ್ದದ್ದು ನಿನಗೆ ನೆನಪಿಲ್ಲದೆ ಇಲ್ಲ. ಅಮ್ಮ ತೀರಿಕೊಂಡ ವರ್ಷ ಊರಿಗೆ ಹೋದವನು ನೀನು. "ಕಾಯ್ದೆ ಬದ್ಲಾಯ್ತ್ ಅಕ್ಕ, ಸಮಪಾಲ್ ಅಂದ್ರೆ ಸಮಪಾಲೇ" ಎಂದೆ. ಮನೆಯನ್ನು ಎರಡು ತುಂಡು ಮಾಡಲು ಬರುವುದಿಲ್ಲ, ಮಾರಿಬಿಡುವ ಎಂದೆ. ನಾನು ಫೋನಿನಲ್ಲಿ ಕೈ ಮುಗಿದೆ. ಇಟ್ಟುಕೊಳ್ಳೋಣ ಭುಜಂಗ, ನನಗೆ ಬೇಕು, ಮಗಳು ಶ್ರಿಯಾಳಿಗೆ ತೋರಿಸಬೇಕು ಎಂದೆ. ನೀನು ಕೋರ್ಟಿಗೆ ಹೋಗುತ್ತೇನೆ ಎಂದೆ. ಈಗ ಅಲ್ಲಿ ಮದುವೆ ಹಾಲ್ ಇದೆ. ಕಳೆದ ಸಲ ಹೋದಾಗ ನೋಡಿದೆ, ಅಮ್ಮನ ಹೆರಿಗೆ ಕೋಣೆ ಇದ್ದಲ್ಲಿ ಜನರೇಟರ್ ಇಟ್ಟಿದ್ದಾರೆ. ನಾನು ಅದನ್ನು ಕ್ಷಮಿಸಿದ್ದೇನೆ ಎಂದು ನೀನು ತಿಳಿದಿದ್ದರೆ ತಪ್ಪು. ಕ್ಷಮಿಸಿಲ್ಲ. ನಿನ್ನ ಮದುವೆಯಲ್ಲಿ ನಗುತ್ತಾ ಫೋಟೋಗೆ ನಿಂತಾಗಲೂ ಕ್ಷಮಿಸಿರಲಿಲ್ಲ.

ಊರಿನಲ್ಲಿ ಪದ್ಧತಿ ಬಿಡು, ಕಾಯ್ದೆ ನೋಡು ಎಂದವನು ನೀನು. ಸುಮಾತ್ರದಲ್ಲಿ ಕಾಯ್ದೆಯೂ ನಿನ್ನ ಕಡೆಗಿಲ್ಲ, ಅಮೆರಿಕನ್ ಪಾಸ್‌ಪೋರ್ಟ್ ಇಟ್ಟುಕೊಂಡವನ ಹೆಸರಿಗೆ ಅಲ್ಲಿನ ನೆಲ ಆಗುವುದಿಲ್ಲ, ಅದಕ್ಕೆ ಈಗ ನ್ಯಾಯ ನ್ಯಾಯ ಎಂದು ಹೊಸ ರಾಗ ತೆಗೆದಿದ್ದೀ. ನಿನ್ನ ಸಂಬಳದಿಂದ ಟೈಲ್ಸ್ ಹಾಕಿಸಿದೆ, ಮಹಡಿ ಎಬ್ಬಿಸಿದೆ, ಸರಿ. ಆ ಮಹಡಿಯಲ್ಲಿ ಮಲಗಿದವನು ಯಾರು? ಆ ಮನೆಯ ಹೆಂಗಸರು ನಿನ್ನ ಬಟ್ಟೆ ಒಗೆದರು, ನಿನ್ನ ಕಾಲಿಗೆ ಎಣ್ಣೆ ಹಚ್ಚಿದರು, ನಿನ್ನ ಮುರುಕು ಭಾಷೆಗೆ ನಗದೆ ಉತ್ತರ ಕೊಟ್ಟರು. ಹೆಸರು ಬದಲಾಯಿಸಿ ರಹಮತ್ ಆದೆ, ನಮಾಜು ಕಲಿತೆ, ನಾನು ಒಂದು ಮಾತೂ ಆಡಲಿಲ್ಲ. ಅದು ನಿನ್ನ ಮತ್ತು ರೋಸ್ಮಾನಿಯ ವಿಷಯ. ಅವರದೆಲ್ಲವನ್ನೂ ಒಪ್ಪಿಕೊಂಡೆ, ಈ ಒಂದನ್ನು ಮಾತ್ರ ಯಾಕೆ ಒಪ್ಪಲಿಲ್ಲ? ಶ್ರಿಯಾಳಿಗೆ ವಿಷಯ ಹೇಳಿದೆ. ಹ್ಯಾರಿಸನ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಕಮ್ಯೂಟ್ ಮಾಡುತ್ತ ಟ್ರೈನಿನಲ್ಲಿ ನಿಂತೇ ಕೇಳಿಸಿಕೊಂಡಳು. "ಅಮ್ಮಾ, ಮಾಮ ಈಸ್ ಲಿಟರಲಿ ಎ ಸ್ಕ್ವಾಟರ್" ಎಂದಳು. ಬೇರೆಯವರ ಮನೆ ಹೊಕ್ಕು ಎದ್ದು ಹೋಗದವನಿಗೆ ಇಲ್ಲಿ ಹಾಗೆನ್ನುತ್ತಾರೆ, ನಿನಗೆ ಮರೆತಿರಬಹುದು. ಟ್ರೈನಿನಲ್ಲಿದ್ದವರೂ ಕೇಳಿರುತ್ತಾರೆ. ಕೇಳಲಿ.

ಆದರೂ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ನಿನ್ನ ಮದುವೆಗೆ ಮೊದಲು ರೋಸ್ಮಾನಿಯ ಅಕ್ಕ ಎಲ್ವಿಯನ್ನು ಕರೆದುಕೊಂಡು ಅಷ್ಟು ದೂರದಿಂದ ನಮ್ಮ ಮನೆಗೆ ಬಂದಿದ್ದಳಲ್ಲ. ವೇರ್‌ಹೌಸಿನಲ್ಲಿ ಒಂದೇ ಶಿಫ್ಟಿನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಮದುವೆಯಾಗುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ನೀನೇ ಗೊಣಗಿದ್ದೆ. ಕಾಲಿದ್ದ ಹಿತ್ತಾಳೆ ಬಟ್ಟಲಿನಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಮೇಲೆ ಕಸೂತಿ ಬಟ್ಟೆ. ಎಲೆಯನ್ನು ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯಲ್ಲಿ ಕೊಂಡಿದ್ದರು, ಬಟ್ಟಲನ್ನು ಊರಿನಿಂದ ಹೊತ್ತು ತಂದಿದ್ದರು. ನೀನು ಹಾಲಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದೆ. ಬಟ್ಟಲನ್ನು ನಿನ್ನ ಮುಂದೆಯೂ ಹಿಡಿಯಲಿಲ್ಲ, ನಿನ್ನ ಭಾವನ ಮುಂದೆಯೂ ಹಿಡಿಯಲಿಲ್ಲ, ನೇರವಾಗಿ ನನ್ನ ಮುಂದೆ ಹಿಡಿದರು. ಗಂಡಿನ ಅಕ್ಕ ಎಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡು ನಾನು ಖುಷಿಯಾಗಿ ಎಲೆ ತೆಗೆದು ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡೆ. ಆಮೇಲೆ ಆ ಹಿರಿಯಳು ಏನೋ ಕೇಳಿದಳು. ಗಂಡು ಈಗ ಮಲಗುವುದು ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದು ಎಲ್ವಿ ಇಂಗ್ಲಿಷಿನಲ್ಲಿ ಹೇಳಿದಳು. ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ನಿನ್ನ ರೂಮು ತೋರಿಸಿದೆ. ಆಕೆ ಮಂಚವನ್ನು ಒತ್ತಿ ನೋಡಿದಳು, ಕಿಟಕಿ ತೆಗೆದು ಮುಚ್ಚಿ ನೋಡಿದಳು, ಹೀಟರಿನ ಮೇಲೆ ಕೈ ಇಟ್ಟಳು. ಅವರು ಹೋದ ಮೇಲೆ ನಾನೂ ನಿನ್ನ ಭಾವನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು, ಗಂಡನ್ನು ನೋಡಲು ಬಂದವರು ಮಂಚ ನೋಡಿಕೊಂಡು ಹೋದರು ಎಂದು.

ಅವರು ನೋಡಿದ್ದು ಏನು ಎಂದು ಮೊನ್ನೆ ಎಲ್ವಿಯನ್ನು ಕೇಳಿದೆ. ಹೆಂಡತಿ ಮೊದಲು ಹೋದರೆ ಗಂಡು ತಾಯಿಯ ಮನೆಗೆ ವಾಪಸ್ ಹೋಗಬೇಕು, ತಾಯಿ ಇಲ್ಲದಿದ್ದರೆ ಅಕ್ಕತಂಗಿಯ ಮನೆಗೆ. ವಾಪಸ್ ಹೋಗಲು ಜಾಗ ಇದೆಯೇ ಎಂದು ನೋಡದೆ ಗಂಡನ್ನು ಕೇಳಿ ತರುವುದಿಲ್ಲವಂತೆ ಅವರು. ನೀನು ಮದುವೆಯ ಅಂಗಿ ಹೊಲಿಸಿಕೊಳ್ಳುವ ಮೊದಲೇ ಆ ಹೆಂಗಸು ನಿನ್ನ ಮುಪ್ಪಿಗೆ ಹೀಟರ್ ಕೆಲಸ ಮಾಡುತ್ತದೆಯೇ ಎಂದು ಮುಟ್ಟಿ ನೋಡಿದ್ದಳು. ಅವಳನ್ನೇ ನೀನು ಅಂಗಳದಲ್ಲಿ ನಿಲ್ಲಿಸಿದೆ.

ನಿನಗೆ ಆ ಪದ್ಧತಿ ಚೆನ್ನಾಗಿ ಗೊತ್ತಿತ್ತು. ರೋಸ್ಮಾನಿಯ ಜೊತೆ ಹೋಗಿ ಅಷ್ಟು ವರ್ಷ ಅಲ್ಲಿದ್ದೀ, ಎಷ್ಟು ಜನ ಗಂಡಸರು ಹೆಂಡತಿ ಸತ್ತ ಮೇಲೆ ಬಟ್ಟೆ ಗಂಟು ಹಿಡಿದು ಅಕ್ಕನ ಮಕ್ಕಳ ಹಿಂದೆ ನಡೆದುಕೊಂಡು ಹೋದದ್ದನ್ನು ನೋಡಿರಬೇಕು. ಅದಕ್ಕೇ ಬೀಗ ಹಾಕಿದೆ. ನಿನಗೆ ಬೇಕಾದದ್ದು ಟೈಲ್ಸೂ ಅಲ್ಲ, ಗದ್ದೆಯೂ ಅಲ್ಲ. ಕರೆಯಲು ಯಾರೂ ಬರುವುದಿಲ್ಲ ಎಂದು ಹೆದರಿದ್ದೀ. ಊರವರೆಲ್ಲ ನೋಡುತ್ತಿರುವಾಗ ಯಾರೂ ಬರದೆ ಹೋದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂದು ಮೊದಲೇ ಜಗಳ ತೆಗೆದು ಕೂತಿದ್ದೀ. ಅಮ್ಮನ ಮನೆ ಇದ್ದಿದ್ದರೆ ಎದೆಯುಬ್ಬಿಸಿ ಹೋಗಬಹುದಿತ್ತು. ಅದನ್ನು ಮಾರಿದವನು ನೀನೇ. ಮಾರುವ ದಿನ ನಿನಗೆ ಇದು ತಿಳಿದಿರಲಿಲ್ಲ, ಈಗ ತಿಳಿದಿದೆ. ನನಗೆ ಸಂತೋಷವಾಗಬೇಕಿತ್ತು, ಎಷ್ಟೋ ವರ್ಷ ಇದನ್ನೇ ಕಾಯುತ್ತಿದ್ದೆ. ಯಾಕೋ ಸಂತೋಷ ಆಗಲಿಲ್ಲ. ಆ ತಟ್ಟೆಯ ಮುಂದೆ ನೀನು ಒಬ್ಬನೇ ಕೂತಿರುವುದು ಕಣ್ಣ ಮುಂದೆ ಬಂದು ರಾತ್ರಿಯೆಲ್ಲ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ರೋಸ್ಮಾನಿಯ ಬಗ್ಗೆ ನಾನು ನಿನಗೆ ಒಂದು ಸಮಾಧಾನದ ಮಾತೂ ಹೇಳಿಲ್ಲ. ಅವಳು ಒಳ್ಳೆಯವಳು. ನಿನಗೆ ಹೆಚ್ಚಾಗಿದ್ದಳು. ಅವಳ ಹೆಸರಿನಲ್ಲಿ ಇಷ್ಟು ಕೆಟ್ಟ ಕೆಲಸ ಮಾಡಬೇಡ ಎಂದು ಮಾತ್ರ ಹೇಳುತ್ತೇನೆ. ನಿನ್ನ ಭಾವ ನಿನ್ನನ್ನು ಕೇಳಿದ್ದಾರೆ. "ಬರ್ಲಿ ಬಿಡು ನಳಿನಿ, ಇಸ್ಪೀಟ್ ಆಡಾಕ ಒಬ್ಬ ಕಡಿಮಿ ಬಿದ್ದಿದ್ದ" ಎಂದು ಧಾರವಾಡದ ದನಿಯಲ್ಲಿ ನಗುತ್ತಾರೆ. ಈ ಬಸವಪ್ರಸಾದರಿಗೆ ಯಾರ ಮೇಲೂ ಸಿಟ್ಟೇ ಬರುವುದಿಲ್ಲ, ಮನೆಯ ಸಿಟ್ಟನ್ನೆಲ್ಲ ನಾನೊಬ್ಬಳೇ ಮಾಡಬೇಕು. ಎಲ್ವಿಯ ತಾಯಿಗೆ ನನ್ನ ನಮಸ್ಕಾರ ಮುಟ್ಟಿಸು. ಮುಖ ಎತ್ತಿ ಮುಟ್ಟಿಸಲು ಆಗದಿದ್ದರೆ ತಲೆ ತಗ್ಗಿಸಿಯೇ ಮುಟ್ಟಿಸು. ನಿನಗೆ ಆಶೀರ್ವಾದ ಇದೆ, ಹಿರಿಯಳಾದ್ದರಿಂದ ಕೊಡದೆ ಬೇರೆ ದಾರಿ ಇಲ್ಲ.

ಇನ್ನೂ ಸಿಟ್ಟಿನಲ್ಲಿರುವ
ಅಕ್ಕ ನಳಿನಾಕ್ಷಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ಅವರ ಹಬ್ಬ ಮುಗಿದ ವಾರ ನಾನೇ ಬರುತ್ತಿದ್ದೇನೆ, ಜೆಎಫ್‌ಕೆಯಿಂದ ಟಿಕೆಟ್ ಆಗಿದೆ. ಎಲ್ವಿಗೆ ತಿಳಿಸಿದ್ದೇನೆ, ಅವಳ ತಾಯಿ ಆ ಬಟ್ಟಲನ್ನು ತಿಕ್ಕಿ ಇಡುತ್ತಾಳಂತೆ. ವೀಳ್ಯ ತಿಂದವಳು ನಾನು, ಕರೆಯಲು ನಾನೇ ಬರಬೇಕು. ನಾನು ಅಂಗಳಕ್ಕೆ ಕಾಲಿಡುವಾಗ ಕಣಜದ ಬೀಗ ತೆಗೆದಿರಬೇಕು, ಮನೆಯ ಬೀಗದ ಕೈ ಎಲ್ವಿಯ ತಾಯಿಯ ಸೆರಗಿನಲ್ಲಿ ಇರಬೇಕು. ಇಲ್ಲದಿದ್ದರೆ ಆ ಹೆಂಗಸರ ಕೈಯ ಊಟ ಮಾಡಿ ಒಬ್ಬಳೇ ವಾಪಸ್ ಬರುತ್ತೇನೆ, ದೇವರಾಣೆ. ಬೇಸ್‌ಮೆಂಟಿನ ರೂಮಿನಿಂದ ಶ್ರಿಯಾಳ ಟ್ರೆಡ್‌ಮಿಲ್ ತೆಗೆಸಿದ್ದೇನೆ, ಹೀಟರ್ ಹಾಕಿ ನೋಡಿದ್ದೇನೆ. ಈ ಮನೆ ನನ್ನ ಹೆಸರಿನಲ್ಲಿದೆ, ನನ್ನ ನಂತರ ಶ್ರಿಯಾಳಿಗೆ. ನಿನಗೆ ಇದರ ಕೀ ಕೊಡುವುದಿಲ್ಲ. ಬಾಗಿಲು ಬಡಿ, ತೆಗೆಯುತ್ತೇನೆ.