ಗುರ್ತಿನೋರಿಗೆ ರಶ್ ಇಲ್ಲ

ಗುಬ್ಬಿ, ಮಂಗಳವಾರ

ತುಮಕೂರು–ಕುಣಿಗಲ್ ಗಿಣಿ ಬಸ್ಸಿನ ಹಿಂಬಾಗಿಲ ದೊರೆ, ವಿಸಿಲ್ ಇದ್ದರೂ ನಾಲಿಗೆಯಲ್ಲೇ ಗಾಡಿ ನಿಲ್ಲಿಸುತ್ತಿದ್ದ ಕಂಡಕ್ಟರ್ ಮಹಾಶಯ, ಗೆಳೆಯ ನಯಾಜ್ ಅಹಮದನಿಗೆ ಹಳೆಯ ಪ್ಯಾಸೆಂಜರ್ ನಾಗಭೂಷಣ್ ಮಾಡುವ ಸಲಾಂ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ಪದ್ಧತಿ. ಆದರೆ ಜನರಿಗೆ ಸುಳ್ಳು ಹೇಳುವುದು ನಿನ್ನ ಖಾತೆ. ವಾರಕ್ಕೊಮ್ಮೆ ಪತ್ರಿಕೆಯ ಅಂಕಣದಲ್ಲಿ ಹೇಳುವುದೇ ನನಗೆ ಸಾಕಾಗಿದೆ, ಇಲ್ಲೂ ಬೇಡ.

ದಿನಾ ಏನಾದರೂ ಓದಿ ಹೇಳುತ್ತಿರಿ ಎಂದು ಡಾಕ್ಟರು ನಿನ್ನ ಮಗಳಿಗೆ ಹೇಳಿದ್ದಾರಂತೆ. "ಪೇಪರ್ ಓದಿದ್ರೆ ಅಬ್ಬಾ ಮುಖ ಆ ಕಡೆ ತಿರುಗಿಸ್ಕೋತಾರೆ ಅಂಕಲ್, ನೀವೇ ಏನಾದ್ರೂ ಬರ್ದು ಕಳ್ಸಿ" ಎಂದಳು ಅಸ್ಫಿಯಾ. ಆ ಪೇಪರಿನಲ್ಲಿ ನನ್ನ ಅಂಕಣವೂ ಇರುತ್ತದೆಂಬುದು ಅವಳಿಗೆ ಮರೆತಿತ್ತು. ನಾನೂ ನೆನಪಿಸಲಿಲ್ಲ. ಓದುವವಳು ಅವಳಾದ್ದರಿಂದ, ಅವಳ ಗಂಟಲು ಕಟ್ಟದಿರಲೆಂದು ನಡುನಡುವೆ ಒಂದಿಷ್ಟು ತಮಾಷೆ ಇಟ್ಟಿದ್ದೇನೆ. ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕುವಂತೆ. ಹೊಟ್ಟೆ ತುಂಬದು, ಕುಡಿದದ್ದು ಇಳಿಯುತ್ತದೆ.

ಹೋದ ವರ್ಷದ ಚಳಿಗಾಲದಲ್ಲಿ ನಿನಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಜೊತೆಗೆ ಮಾತೂ ಹೋಯಿತು. ಒಂದು ಬಸ್ಸಿನ ಜನರನ್ನು ಒಂದೇ ಗಂಟಲಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದವನಿಗೆ ಜಮಾಲುನ್ನೀಸಾ ಭಾಬಿಯ ಹೆಸರು ಬರಲಿಲ್ಲ, ಮಗಳ ಹೆಸರು ಬರಲಿಲ್ಲ, ನೀರು ಎಂಬುದೂ ಬರಲಿಲ್ಲ. ಉಳಿದದ್ದು ಒಂದೇ ಮಾತು: ರಶ್. ಹೀಗೂ ಆಗುತ್ತದಂತೆ, ಇರುವುದೆಲ್ಲ ಹೋಗಿ ಒಂದೇ ಪದ ಉಳಿದುಕೊಳ್ಳುತ್ತದಂತೆ. ಉಳಿಯುವುದಕ್ಕೆ ನಿನ್ನ ಮನೆಯ ಪದವೂ ಸಿಗಲಿಲ್ಲ, ನನ್ನ ಮನೆಯದೂ ಸಿಗಲಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿದವನ ಬಾಯಲ್ಲಿ ಕೊನೆಗೆ ಇಂಗ್ಲಿಷಿನವನು ಬಂದು ಕೂತ. ಆ ಸೀಟಿಗೆ ಯಾವಾಗ ಟವಲ್ ಹಾಕಿದ್ದನೋ ಗೊತ್ತಿಲ್ಲ.

ಈ ಪದದ ವಿಚಾರ ನಾನು ನಿಘಂಟಿನಲ್ಲಿ ನೋಡಿದೆ. ಇಂಗ್ಲಿಷರಿಗೆ ರಶ್ ಎಂದರೆ ಧಾವಿಸುವುದು, ನುಗ್ಗುವುದು, ಆತುರದಲ್ಲಿ ಓಡುವುದು. ಅದು ಹಡಗು ಹತ್ತಿ, ರೈಲು ಹತ್ತಿ, ಕೊನೆಗೆ ತುಮಕೂರು ಬಸ್ ಸ್ಟ್ಯಾಂಡಿಗೆ ಬಂದಿಳಿಯುವಷ್ಟರಲ್ಲಿ ಓಡುವುದನ್ನೇ ಬಿಟ್ಟಿತು. ನಮ್ಮಲ್ಲಿ ರಶ್ ಎಂದರೆ ಕಾಲೂರಲು ಜಾಗವಿಲ್ಲ, ಕೈಯೆತ್ತಲಾಗದು, ಅಲ್ಲಾಡುವಂತಿಲ್ಲ. ಭಾನುವಾರ ಕಟಿಂಗ್ ಶಾಪ್ ರಶ್ಶು, ಸೀಮೆಎಣ್ಣೆ ಬಂದ ದಿನ ಸೊಸೈಟಿ ರಶ್ಶು, ಕಾರ್ತೀಕದ ಸೋಮವಾರ ಯಡಿಯೂರು ರಶ್ಶು. ನಮ್ಮ ಬೀದಿಯ ಮದುವೆ ದಲ್ಲಾಳಿ ಶಿವರಾಮಯ್ಯನ ಪ್ರಕಾರ ಸರ್ಕಾರಿ ಕೆಲಸದ ಗಂಡೂ ರಶ್ಶು: "ಬೇಗ ಹೇಳ್ಬುಡಿ ಸ್ವಾಮಿ, ಆ ಹುಡುಗನ ಮನೇಲಿ ಬಲು ರಶ್ಶದೆ." ಡ್ರೈವರ್ ಓಬಳಯ್ಯ ಜೋರಾಗಿ ಓಡಿಸಿದರೆ "ರಶ್ಶಾಗ್ ಹೊಡೀಬ್ಯಾಡ ಕಣಯ್ಯ" ಎಂದು ಹಿಂದಿನಿಂದ ಕೂಗುತ್ತಿದ್ದೆಯಲ್ಲ, ಇಡೀ ಜಿಲ್ಲೆಯಲ್ಲಿ ಆ ಪದ ಒಂದಿಷ್ಟು ಓಡಿದ್ದು ಅಲ್ಲಿ ಮಾತ್ರ.

ನಿನಗೆ ಇನ್ನೊಂದು ಬಳಕೆಯಿತ್ತು. ಮನೆಯಲ್ಲಿ ಜಗಳವಾಡಿ ಬಂದ ದಿನ ಹಣೆ ತಟ್ಟಿಕೊಂಡು, "ಇವತ್ತು ಇದ್ರೊಳ್ಗೆ ರಶ್ಶು ಭೂಷಣ್ಣ, ಮಾತಾಡಿಸ್ಬೇಡ" ಎನ್ನುತ್ತಿದ್ದೆ. ಗೂಳೂರು ದಾಟುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಈಗಿನದು ಇಳಿಯುತ್ತಿಲ್ಲ.

ತೊಂಬತ್ತೆರಡರಲ್ಲಿ ನನಗೆ ಕುಣಿಗಲ್ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಮೊದಲ ದಿನ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಹಸಿರು ಬಣ್ಣದ ಗಿಣಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಅದರ ಜೊತೆಗೆ ಓಡುತ್ತಾ ಕಿಟಕಿಗಳಿಂದ ಕರ್ಚೀಫು, ಟವಲು, ಟಿಫಿನ್ ಬ್ಯಾಗು ಒಳಗೆಸೆದರು. ಒಬ್ಬಾಕೆ ಎಸೆಯಲು ಏನೂ ಸಿಗದೆ ಒಂದು ಚಪ್ಪಲಿ ಎಸೆದಳು. ನಾನು ಓದಿದವನಂತೆ ಬಾಗಿಲಲ್ಲಿ ಹತ್ತಿ, ಒಂದು ಟವಲನ್ನು ಪಕ್ಕಕ್ಕೆ ಸರಿಸಿ ಕೂತೆ. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ನೀನು ಬಂದು ನನ್ನ ಮುಖವನ್ನೂ ಟವಲನ್ನೂ ನೋಡಿ, "ಸಾ, ಹೊಸಬ್ರಾ? ಮನುಷ್ಯನ್ನ ಬೇಕಾದ್ರೆ ಎಬ್ಬಿಸ್ಬೋದು, ಟವಲ್ ಎಬ್ಬಿಸಂಗಿಲ್ಲ" ಎಂದೆ. ಕುಣಿಗಲ್ಲಿನವರೆಗೆ ನಾನು ನಿಂತೇ ಹೋದೆ. ಇಳಿಯುವಾಗ ನೀನು, "ನಾಳೆಯಿಂದ ನಂದೇ ಟವಲ್ ಹಾಕಿರ್ತೀನಿ, ಹಿಂಬಾಗ್ಲು ಪಕ್ಕ" ಎಂದೆ.

ಅಂದಿನಿಂದ ಗಿಣಿ ಬಸ್ಸು ನಿಲ್ಲುವವರೆಗೂ ಆ ಕಿಟಕಿ ಸೀಟಿನ ಮೇಲೆ ನಿನ್ನ ಕೆಂಪಂಚಿನ ಟವಲು ನನಗಾಗಿ ಕೂತಿರುತ್ತಿತ್ತು. ಹೆಬ್ಬೂರಿಗೆ ಹೋಗುವ ಸೊಪ್ಪಿನ ಸಿದ್ದಗಂಗಮ್ಮ ಖಾಲಿ ಮಂಕರಿ ಹಿಡಿದು ಹತ್ತಿ ದಿನವೂ ಅದರ ಮೇಲೆ ಕಣ್ಣು ಹಾಕುತ್ತಿದ್ದಳು.

"ಏನ್ಲಾ ನಯಾಜು, ನನ್ ಮಂಡಿ ನೋಯ್ತದೆ ಅಂದ್ರೆ ಕೇಳಲ್ಲ, ಆ ಟವಲ್ಲಿಗೇನ್ಲಾ ನೋವು? ಅದ್ಕೆ ಟಿಕೀಟು ಹರ್ದಿದ್ದೀಯಾ?"

"ಅದ್ಕೆ ಪಾಸೈತೆ ಕಣಜ್ಜಿ."

"ಟವಲ್ಲಿಗೆ ಪಾಸು ಕೊಡೋ ಮುಂಡೇಮಗ, ನಂಗೆ ಸೀಟ್ ಕೊಡಾಕಿಲ್ಲ."

ಹಾಗೆಂದು ಬೈದವಳಿಗೆ ನಿನ್ನ ಸ್ವಂತ ಸೀಟು ಬಿಟ್ಟುಕೊಟ್ಟು ಫುಟ್‌ಬೋರ್ಡಿನಲ್ಲಿ ನಿಲ್ಲುತ್ತಿದ್ದೆ. ಟವಲ್ ಮಾತ್ರ ಎತ್ತಲಿಲ್ಲ.

ನಿನ್ನ ಸುಳ್ಳಿನ ಖಾತೆಗೆ ಬರುತ್ತೇನೆ. ಸ್ಟಾಪಿನಲ್ಲಿ ಜನ ಕೈ ತೋರಿಸಿದರೆ, ಒಳಗೆ ಜಾಗವಿಲ್ಲದಾಗ, ನೀನು ಎಡ ಅಂಗೈಯನ್ನು ಹೊರಕ್ಕೆ ಚಾಚಿ "ರಶ್" ಎನ್ನುತ್ತಿದ್ದೆ. ಹಿಂದೆಯೇ ಇನ್ನೊಂದು ಮಾತು: "ಹಿಂದೆ ಖಾಲಿ ಗಾಡಿ ಬರ್ತಾ ಐತೆ." ಹಿಂದೆ ಯಾವ ಗಾಡಿಯೂ ಇರುತ್ತಿರಲಿಲ್ಲ. ಅದು ನಿನಗೆ ಗೊತ್ತಿತ್ತು, ಅಲ್ಲಿ ನಿಂತವರಿಗೂ ಗೊತ್ತಿತ್ತು. ಒಮ್ಮೆ ಕೇಳಿದ್ದಕ್ಕೆ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. "ಬರೀ ರಶ್ ಅಂತ ಬಿಟ್ಟೋದ್ರೆ ಜನಕ್ಕೆ ಹೊಟ್ಟೆ ಉರೀತದೆ ಭೂಷಣ್ಣ. ಹಿಂದೆ ಗಾಡಿ ಐತೆ ಅಂದ್ರೆ, ಸುಳ್ಳು ಅಂತ ಗೊತ್ತಿದ್ರೂ, ಇನ್ನೊಂದು ಘಳಿಗೆ ನೆಮ್ಮದಿಯಾಗಿ ನಿಂತ್ಕೋತಾರೆ."

ಇದೆಲ್ಲ ಅಪರಿಚಿತರಿಗೆ. ದಿನದ ಗಿರಾಕಿ ಕೈ ತೋರಿಸಿದರೆ ಬಸ್ಸು ಉಸಿರು ಬಿಡಲಾಗದಷ್ಟು ತುಂಬಿದ್ದರೂ ಓಬಳಯ್ಯ ಬ್ರೇಕ್ ಒತ್ತಬೇಕಿತ್ತು. ಒಳಗಿನವರು ಗೊಣಗಿದರೆ ನಿನ್ನ ತೀರ್ಪು ಒಂದೇ: "ಗುರ್ತಿನೋರಿಗೆ ರಶ್ ಇಲ್ಲ." ಕಾಲಿಡಲು ಒಂದು ಹೆಬ್ಬೆರಳಿನ ಜಾಗವಾದರೂ ಮಾಡಿ, ತೋಳು ಹಿಡಿದು ಎಳೆದುಕೊಳ್ಳುತ್ತಿದ್ದೆ.

ಆಮೇಲೆ ಜನಕ್ಕೆಲ್ಲ ಸ್ಕೂಟರು ಬಂತು, ಮೊಪೆಡ್ಡು ಬಂತು, ರಸ್ತೆ ರಶ್ಶಾಗಿ ಬಸ್ಸು ಖಾಲಿಯಾಯಿತು. ಗಿಣಿ ಬಸ್ಸನ್ನು ಯಜಮಾನರು ಮಾರಿದರು. ನನಗೆ ಗುಬ್ಬಿಗೆ ವರ್ಗವಾಯಿತು. ನೀನು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಗೇಟಿಗೆ ಕಾವಲು ಸೇರಿದೆ. ಆಯುಷ್ಯವೆಲ್ಲ ಜನರನ್ನು ಒಳಗೆ ತುಂಬಿದವನಿಗೆ ಯಾರನ್ನೂ ಒಳಗೆ ಬಿಡದ ಕೆಲಸ. ನಾನು ಅಲ್ಲಿಗೆ ಬಂದು ನೋಡಿದಾಗ ನೀನು ಸ್ಟೂಲಿನಿಂದ ಎದ್ದು, "ಇಲ್ಲಿ ರಶ್ಶೇ ಇಲ್ಲ ಭೂಷಣ್ಣ, ಸತ್ತೋಗೋ ಹಂಗಾಗ್ತದೆ" ಎಂದಿದ್ದೆ. ನಾನು ಅದನ್ನು ನಗೆಹನಿಯೆಂದುಕೊಂಡು ನಕ್ಕೆ. ನೀನೂ ನಕ್ಕೆ.

ಆಸ್ಪತ್ರೆಯಿಂದ ಉಪ್ಪಾರಹಳ್ಳಿಯ ಮನೆಗೆ ನಿನ್ನನ್ನು ಕರೆತಂದ ಮೇಲೆ ಭಾಬಿ ಆ ಒಂದು ಪದಕ್ಕೇ ಅರ್ಥಗಳನ್ನು ಹುಡುಕಿಕೊಂಡರು. ಮೆಲ್ಲಗೆ ಅಂದರೆ ನೀರು. ಎರಡು ಸಲ ಅಂದರೆ ಮಗ್ಗುಲು ತಿರುಗಿಸಬೇಕು. ಕಣ್ಣು ಮುಚ್ಚಿ ಅಂದರೆ ಬಂದ ನೆಂಟರು ಹೊರಡಬೇಕು. "ಮೊದ್ಲು ಇಷ್ಟೊಂದು ಮಾತಾಡ್ತಿದ್ರು, ಒಂದೂ ಕೆಲ್ಸದ್ದಲ್ಲ" ಎಂದು ಭಾಬಿ ನಿನ್ನೆದುರೇ ಅಂದಾಗ ನಿನ್ನ ಬಾಯಿಯ ಎಡ ತುದಿ ಅಲುಗಿತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಚಿತ್ರಗಳನ್ನು ತೋರಿಸಿದಳು. ಬಾಳೆಹಣ್ಣಿಗೆ ರಶ್ ಅಂದೆ, ಹಸುವಿಗೆ ರಶ್ ಅಂದೆ, ಕೊಡೆಗೂ ರಶ್ಶೇ. ಆಮೇಲೆ ಅವಳು ಬಸ್ಸಿನ ಚಿತ್ರ ತೋರಿಸಿದಳು. ನಾವೆಲ್ಲ ನಗಲು ಸಿದ್ಧರಾಗಿ ಕಾದೆವು. ನೀನು ಅದನ್ನೇ ನೋಡುತ್ತಾ ಉಳಿದೆ. ಏನೂ ಅನ್ನಲಿಲ್ಲ.

ನಿನ್ನ ಮಾತು ಮರಳಿ ಬರಲೆಂದು ಭಾಬಿ ಹರಕೆ ಹೊತ್ತರು. ನನಗೆ ಅಷ್ಟು ದೊಡ್ಡದೇನೂ ಬೇಕಿರಲಿಲ್ಲ. ನಾನು ಯಾರೆಂದು ನಿನಗೆ ಗೊತ್ತಿದೆಯೇ, ಅದೊಂದು ಗೊತ್ತಾದರೆ ಸಾಕಾಗಿತ್ತು. ಅದಕ್ಕೆ ಉತ್ತರ ಒಂದು ಭಾನುವಾರ ಸಿಕ್ಕಿತು. ನಿನ್ನ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆ ಕೆಂಪಂಚಿನ ಟವಲು ಹಾಸಿತ್ತು. ಭಾಬಿಯ ಅಣ್ಣ ಗೋಡೆಗೊರಗಿ ನಿಂತಿದ್ದರು. "ಬೆಳಿಗ್ಗೆನೇ ಅಬ್ಬಾ ಎಡಗೈಲಿ ಹಾಕವ್ರೆ ಅಂಕಲ್" ಎಂದಳು ಅಸ್ಫಿಯಾ. "ಮಾಮೂನೂ ಕೂರಕ್ಕೆ ಬಿಡ್ತಿಲ್ಲ, ರಶ್ ರಶ್ ಅಂತ ಬೈತವ್ರೆ." ನಾನು ಟವಲ್ ಎತ್ತಿ ಮಡಿಲಲ್ಲಿಟ್ಟು ಕೂತೆ. ನೀನು ಸುಮ್ಮನಾದೆ. ಆಮೇಲೆ ಪ್ರತಿ ಭಾನುವಾರವೂ ಹಾಗೆಯೇ. ವಾರವಿಡೀ ನಾನು ಗುಬ್ಬಿಯಲ್ಲಿ ಆ ಒಂದು ಕುರ್ಚಿಯನ್ನು ನೆನೆದುಕೊಂಡು ನಗೆಬರಹ ಬರೆದೆ, ನಯಾಜ್. ಓದಿದವರು ಈಚೆಗೆ ಚೆನ್ನಾಗಿ ಬರುತ್ತಿದೆ ಎಂದರು.

ಅಸ್ಫಿಯಾ, ಇನ್ನು ಮುಂದಿನದನ್ನು ನಿನ್ನ ಮನಸ್ಸಿನಲ್ಲೇ ಓದಿಕೋ ತಾಯಿ. ಅಬ್ಬಾಗೆ ಕೊನೆಯ ಸಾಲು ಮಾತ್ರ ಓದು.

ಹೋದ ತಿಂಗಳು ನಿನಗೆ ಎರಡನೆಯ ಸಲ ಹೊಡೆಯಿತು. ಮೊನ್ನೆ ಭಾನುವಾರ ಬಂದಾಗ ಕುರ್ಚಿಯ ಮೇಲೆ ಮಾತ್ರೆಯ ಚೀಲವಿತ್ತು, ಒಗೆದ ಬೆಡ್‌ಶೀಟಿತ್ತು. ಟವಲು ನಿನ್ನ ಗಲ್ಲದ ಕೆಳಗಿತ್ತು, ಜೊಲ್ಲಿಗೆ. ನಾನು ಬಾಗಿಲಲ್ಲಿ ನಿಂತೆ. ನೀನು ತಲೆಯೆತ್ತಿ ನೋಡಿದೆ. ಎಡ ಅಂಗೈಯನ್ನು ನನ್ನ ಕಡೆಗೆ ಚಾಚಿದೆ, ಗೂಳೂರು ಸ್ಟಾಪಿನಲ್ಲಿ ಚಾಚುತ್ತಿದ್ದೆಯಲ್ಲ, ಹಾಗೆ. "ರಶ್" ಅಂದೆ. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ತಾನು ಹತ್ತಿಸದೆ ಬಿಟ್ಟುಹೋಗುವವರ ಮೇಲೆ ಕಂಡಕ್ಟರನ ಕಣ್ಣು ನಿಲ್ಲುವುದಿಲ್ಲ, ಮುಂದಿನ ರಸ್ತೆಗೆ ಹೋಗಿಬಿಡುತ್ತದೆ. ಇಷ್ಟು ವರ್ಷ ನಿನ್ನ ಪಕ್ಕದಲ್ಲಿ ಕೂತು ಆ ಕೈಯನ್ನು ಒಳಗಿನಿಂದ ನೋಡಿದ್ದೆ. ಹೊರಗಿನಿಂದ ಅದು ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ.

ಭಾಬಿ ಓಡಿಬಂದು ಕುರ್ಚಿ ಖಾಲಿ ಮಾಡಿದರು. "ನಿಮ್ನ ನೋಡಿ ಖುಷಿಯಾಗೈತೆ ಅವ್ರಿಗೆ, ಕೂತ್ಕೊಳ್ಳಿ" ಎಂದರು. ಕೂತೆ. ನೀನು ಮತ್ತೆ ಕೈ ಚಾಚಿದೆ. ನಾನು ಎದ್ದೆ.

ಬಸ್ ಸ್ಟ್ಯಾಂಡಿಗೆ ಬಂದರೆ ಗುಬ್ಬಿ ಬಸ್ಸು ಬಾಗಿಲವರೆಗೂ ತುಂಬಿತ್ತು. ಮೀಸೆ ಈಗಷ್ಟೇ ಬರುತ್ತಿದ್ದ ಕಂಡಕ್ಟರ್ ನನ್ನನ್ನು ನೋಡಿ, "ರಶ್ಶೈತೆ ಯಜಮಾನ್ರೇ, ಹಿಂದೆ ಖಾಲಿ ಗಾಡಿ ಬರ್ತಾ ಐತೆ" ಎಂದು ವಿಸಿಲ್ ಊದಿದ. ಸುಳ್ಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಒಂದು ಘಳಿಗೆ ನೆಮ್ಮದಿಯಾಗಿ ನಿಂತೆ. ನಿಂತ ಮೇಲೆ ನನಗೆ ಹೊಳೆಯಿತು. ನೀನು ಬರೀ ರಶ್ ಅಂದೆ, ನಯಾಜ್. ಹಿಂದಿನ ಗಾಡಿಯ ಮಾತು ನಿನ್ನ ಬಾಯಲ್ಲಿ ಬರಲಿಲ್ಲ. ಯಾವ ಅಪರಿಚಿತನನ್ನೂ ನೀನು ಹಾಗೆ ಬರಿಗೈಯಲ್ಲಿ ರಸ್ತೆಯ ಮೇಲೆ ಬಿಟ್ಟು ಹೋದವನಲ್ಲ.

ಈ ಭಾನುವಾರವೂ ಬರುತ್ತೇನೆ. ಕೂರುವುದಿಲ್ಲ, ಬಾಗಿಲಲ್ಲಿ ನಿಲ್ಲುತ್ತೇನೆ. ನೀನು ಕೈ ಚಾಚು, ನಾನು ಮತ್ತೂ ನಿಲ್ಲುತ್ತೇನೆ. ಹಿಂದೆ ಗಾಡಿ ಇಲ್ಲ, ನನಗೆ ಗೊತ್ತು.

ಆ ನಿನ್ನ ಅಲ್ಲಾಹನೋ ನಮ್ಮ ಯಡಿಯೂರು ಸಿದ್ಧಲಿಂಗಪ್ಪನೋ, ಯಾರಿಗೆ ಬಿಡುವಿದೆಯೋ ಅವರು, ನಿನ್ನ ತಲೆಯೊಳಗಿನ ರಶ್ಶನ್ನು ಒಂದೆರಡು ಸ್ಟಾಪಿನಲ್ಲಾದರೂ ಇಳಿಸಲಿ.

ಇಂತಿ ನಿನ್ನ ಗುರ್ತಿನವನು,
ನಾಗಭೂಷಣ್